ಹಿಂದಿನ ಬಾಗಿಲಿನ ಎರಡು ಬೀಗ

"ಬೀಗದ ಮಾತು ತಗೀಬೇಕಂದ್ರ ಬ್ಯಾರೆ ಯಾರ ಕಡಿಂದರೆ ಬರಸ್ಕೋರಿ. ನನ್ನ ಕೈಲೆ ಆಗೂದಿಲ್ಲ," ಎಂದು ನಾನು ಕುಂಚವನ್ನು ಮೇಜಿನ ಮೇಲೆ ಕುಕ್ಕಿದೆ. ಕರಿ ಬಣ್ಣ ಸಿಡಿದು ಸತ್ಯಮೂರ್ತಿಯವರ ಬಿಳಿ ಅಂಗಿಯ ತೋಳಿಗೆ ಬಿತ್ತು.

ಅವರು ತೋಳು ನೋಡಿಕೊಂಡರು. ಸಂಘದ ಕಾರ್ಯದರ್ಶಿ, ಬ್ಯಾಂಕಿನಿಂದ ನಿವೃತ್ತರಾದವರು, ಮೈಸೂರು ಕಡೆಯವರು. ಸಿಟ್ಟು ಬಂದರೂ ದನಿ ಏರಿಸುವವರಲ್ಲ. ಅದನ್ನು ಕಂಡರೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ.

"ಕೂಗಾಡಬೇಡಿ ದಾನಪ್ಪನವರೇ. ಪಕ್ಕದ ರೂಮಲ್ಲಿ ಭಜನೆ ಕ್ಲಾಸ್ ನಡೀತಿದೆ."

"ನಡೀಲಿ. ಅವರಿಗೂ ಕೇಳ್ಲಿ."

"ನಾನು ಹೇಳೋದಿಷ್ಟೇ. ಸನ್ಮಾನ ಪತ್ರ ಅಂದ್ರೆ ಮಂಗಳಕರವಾಗಿರಬೇಕು. ಅದರಲ್ಲಿ ಬೀಗ, ಗಟಾರ, ಭಂಗಾರ್ ಅಂಗಡಿ ಇವೆಲ್ಲ ಯಾಕೆ? 'ಅಗ್ನಿಜ್ವಾಲೆಗೆ ಎದೆಯೊಡ್ಡಿ ಆರು ಜೀವಗಳನ್ನು ಕಾಪಾಡಿದ ವೀರಬಾಲೆ' ಅಂತ ಬರೆದುಕೊಟ್ಟಿದ್ದೀನಲ್ಲ. ಅಷ್ಟು ಸಾಕು."

"ಆಕಿ ಎದಿ ಒಡ್ಡಿಲ್ರಿ, ಕೈ ಒಡ್ಯಾಳ. ಬೆರಳ ಜಜ್ಜಿ ಹೋಗ್ಯಾವ. ಬಾಗಿಲಕ್ಕ ಬೀಗ ಇರಲಿಲ್ಲಂದ್ರ ಆಕೀದು ಅಲ್ಲಿ ಏನ್ ಕೆಲಸಿತ್ತು? ಆರೂ ಮಂದಿ ತಾವಽ ನಡಕೊಂತ ಹೊರಗ ಬರತಿದ್ರು."

"ಪುರಸ್ಕಾರ ಇಟ್ಟಿರೋ ಶಶಿಕಾಂತ್ ಅವರೇ ವೇದಿಕೆ ಮೇಲೆ ಕೂತಿರ್ತಾರೆ. ಅವರ ಮುಂದೆ ನಾನು ಇದನ್ನು ಹೇಗೆ ಓದಲಿ?"

"ಬಾಯಿ ತಗದು ಓದ್ರಿ."

ಪಕ್ಕದ ಕೋಣೆಯ ಭಜನೆ ನಿಂತಿತು. ಎಲ್ಲರೂ ನಮ್ಮದನ್ನೇ ಕೇಳುತ್ತಿದ್ದರು.

ಮುಂಬಯಿಯ ನಮ್ಮ ಕನ್ನಡ ಸಂಘಕ್ಕೆ ವರ್ಷಕ್ಕೊಮ್ಮೆ, ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ, ಕನ್ನಡಿಗರ ಮಕ್ಕಳನ್ನು ಸನ್ಮಾನಿಸುವ ಹುಮ್ಮಸ್ಸು ಬರುತ್ತದೆ. ಮೂರು ಪುರಸ್ಕಾರ: ಸಾಧನೆಗೊಂದು, ಧೈರ್ಯಕ್ಕೊಂದು, ಸೇವೆಗೊಂದು. ಸಾಧನೆಯದು ಸುಲಭ, ಅಂಕಪಟ್ಟಿ ನೋಡಿದರೆ ಮುಗಿಯಿತು. ಈ ಸಲ ಅದು ಸಾಂತಾಕ್ರೂಜಿನ ಧಾತ್ರಿಗೆ, ಶೇಕಡಾ ತೊಂಬತ್ತೇಳು. ಸೇವೆಯದು ಅಮೋಲ್ ಎಂಬ ಹುಡುಗನಿಗೆ. ಅವನು ಒಂದು ಭಾನುವಾರ ಸ್ಟೇಷನ್ ಸೇತುವೆಯ ಮೆಟ್ಟಿಲು ಗುಡಿಸಿದ್ದ. ಅದರ ಹನ್ನೊಂದು ಫೋಟೊ ನಮಗೆ ಬಂದಿದ್ದವು. ಪ್ರತಿ ವರ್ಷ ಪೇಚಿಗೆ ಸಿಕ್ಕಿಸುವುದು ಧೈರ್ಯ. ಹೋದ ವರ್ಷ ಯಾರೂ ಸಿಗದೆ, ಲಿಫ್ಟಿನಲ್ಲಿ ಒಂದು ತಾಸು ಸಿಕ್ಕಿಕೊಂಡೂ ಅಳದ ಹುಡುಗನೊಬ್ಬನಿಗೆ ಕೊಟ್ಟು ಕೈ ತೊಳೆದುಕೊಂಡಿದ್ದೆವು.

ಈ ವರ್ಷ ನಿಜವಾದ ಧೈರ್ಯವೇ ಸಿಕ್ಕಿತು. ತೊಂದರೆ ಶುರುವಾದದ್ದೇ ಅದರಿಂದ.

ಶೀತಲ ನಮ್ಮ ಚಾಳಿನ ಹುಡುಗಿ, ಒಂದೇ ವಠಾರದಲ್ಲಿ ಇದ್ದೇವೆ. ಅವಳ ತಾಯಿ ರುದ್ರವ್ವ ನಮ್ಮ ಇಂಡಿ ತಾಲೂಕಿನವಳೇ, ನನ್ನನ್ನು ಅಣ್ಣಾ ಎನ್ನುತ್ತಾಳೆ. ಗಂಡ ಇಲ್ಲ. ಕುರ್ಲಾದಲ್ಲಿ ಶಶಿಕಾಂತ ಶೇಟರ ಬ್ಯಾಗ್ ಹೊಲಿಯುವ ಗಾಳಾ ಇದೆ. ಗಾಳಾ ಎಂದರೆ ಮುಂದೊಂದು ಶಟರ್ ಇರುವ ಉದ್ದನೆಯ ಕೋಣೆ. ಅದರ ಹಿಂದಿನ ಅರ್ಧದಲ್ಲಿ ಆರು ಹೊಲಿಗೆ ಮಷೀನು, ರುದ್ರವ್ವನೂ ಸೇರಿ ಆರು ಹೆಂಗಸರು. ಹಿಂದೆ ಗಟಾರದ ಗಲ್ಲಿಗೆ ತೆರೆಯುವ ಒಂದು ಕಬ್ಬಿಣದ ಬಾಗಿಲು. ದೀಪಾವಳಿಯಲ್ಲಿ ಎರಡು ಡಬ್ಬಿ ಝಿಪ್ ಕಳುವಾದವೆಂದು ಶೇಟರು ಆ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಸಿದ್ದರು.

ಜನವರಿಯಲ್ಲಿ ಒಂದು ಸಂಜೆ ಮುಂದಿನ ಸ್ವಿಚ್ ಬೋರ್ಡಿನಿಂದ ಕಿಡಿ ಬಿದ್ದು ಫೋಮು, ರೆಕ್ಸಿನ್ ಹೊತ್ತಿಕೊಂಡವು. ಶಟರಿನ ಕಡೆ ಬೆಂಕಿ, ಹಿಂದೆ ಬೀಗ. ಚಾವಿ ಮ್ಯಾನೇಜರನ ಹತ್ತಿರ, ಮ್ಯಾನೇಜರ ಎರಡು ಗಲ್ಲಿ ಆಚೆಯ ಆಫೀಸಿನಲ್ಲಿ. ಶೀತಲ ಶಾಲೆ ಬಿಟ್ಟು ತಾಯಿಯ ಜೊತೆ ಮನೆಗೆ ಹೋಗಲು ಬಂದವಳು, ಒಳಗಿನವರು ಬಾಗಿಲು ಬಡಿಯುವುದನ್ನು ಕೇಳಿದಳು. ಮಗ್ಗುಲಲ್ಲಿ ಹಳೆ ಕಬ್ಬಿಣ ಕೊಳ್ಳುವ ಭಂಗಾರ್ ಅಂಗಡಿ. ಅವನ ತಕ್ಕಡಿಯಿಂದ ಐದು ಕಿಲೋದ ತೂಕದ ಕಲ್ಲು ಎತ್ತಿಕೊಂಡು ಹೋಗಿ ಬೀಗ ಜಜ್ಜಿದಳು. ಆರೂ ಜನ ಹೊರಗೆ ಬಂದರು. ಹುಡುಗಿಯ ಬಲಗೈಯ ಎರಡು ಬೆರಳು ಅಪ್ಪಚ್ಚಿಯಾದವು. ಮಾರ್ಚಿನಲ್ಲಿ ಅದೇ ಕೈಯಿಂದ ಪರೀಕ್ಷೆ ಬರೆದು ಶೇಕಡಾ ಅರವತ್ತೊಂದು ತಂದಳು.

ಧೈರ್ಯದ ಪುರಸ್ಕಾರ ಶಶಿಕಾಂತ ಶೇಟರು ತಮ್ಮ ತಂದೆಯ ಹೆಸರಿನಲ್ಲಿ ಇಟ್ಟದ್ದು. ಶೀತಲಳ ಹೆಸರು ಸೂಚಿಸಿದವರೂ ಅವರೇ. "ನಮ್ಮ ಗಾಳಾದ ಹುಡುಗಿ, ಬಹಾದ್ದೂರ್," ಎಂದು ಸಭೆಯಲ್ಲಿ ಅಂದಾಗ ಎಲ್ಲರೂ ಮೇಜು ತಟ್ಟಿದ್ದರು. ನಾನೂ ತಟ್ಟಿದ್ದೆ. ಪತ್ರ ಬರೆಯಲು ಕೂತಾಗ ನನಗೆ ಹೊಳೆಯಿತು. ಶೇಟರು ಪೊಲೀಸರಿಗೆ, ಸುತ್ತಲಿನವರಿಗೆ, ಎಲ್ಲರಿಗೂ ಹೇಳುತ್ತ ಬಂದದ್ದು ಒಂದೇ ಮಾತು: ಬಾಗಿಲು ತೆರೆದೇ ಇತ್ತು, ಹೆಂಗಸರು ಗಾಬರಿಯಾಗಿ ಕೂತಿದ್ದರು, ಹುಡುಗಿ ಹೋಗಿ ಕೈ ಹಿಡಿದು ಕರೆತಂದಳು. ಬೀಗದ ಮಾತಿಲ್ಲದ ಪತ್ರ ಓದಿದರೆ ಆ ಸುಳ್ಳಿಗೆ ಸಂಘವೇ ಮುದ್ರೆ ಒತ್ತಿದಂತೆ.

ಸನ್ಮಾನ ಪತ್ರ ಬರೆಯುವುದು ನಾನು. ಇಪ್ಪತ್ತೆಂಟು ವರ್ಷ ಈ ಊರಿನಲ್ಲಿ ಬೋರ್ಡು ಬರೆದಿದ್ದೇನೆ. ಗ್ರಾಂಟ್ ರೋಡಿನ ಎಷ್ಟೋ ಹೋಟೆಲುಗಳ ಕನ್ನಡ ಅಕ್ಷರ ನನ್ನ ಕೈಯವು. ಫ್ಲೆಕ್ಸ್ ಬಂದ ಮೇಲೆ ಆ ಕಸುಬು ಮುಗಿಯಿತು. ಈಗ ಫ್ಲೆಕ್ಸಿನ ಅಂಗಡಿಯಲ್ಲೇ ಕೆಲಸ. ಆದರೆ ಸಂಘದವರು ಪತ್ರ ಮಾತ್ರ ಕೈಯಿಂದಲೇ ಬರೆಸುತ್ತಾರೆ. ದಪ್ಪ ಡ್ರಾಯಿಂಗ್ ಹಾಳೆ, ಅಂಚಿಗೆ ಹಸಿರು ಬಳ್ಳಿ, ಕರಿ ಅಕ್ಷರ, ಹೆಸರು ಕೆಂಪಿನಲ್ಲಿ. ಅದನ್ನು ವೇದಿಕೆಯ ಮೇಲೆ ಗಟ್ಟಿಯಾಗಿ ಓದಿ, ಆಮೇಲೆ ಚೌಕಟ್ಟು ಸಮೇತ ಕೈಗಿಡುವುದು ನಮ್ಮ ಪದ್ಧತಿ. ಶಶಿಕಾಂತ ಶೇಟರ ತಂದೆಗೆ ನಾನು ಬರೆದ ಪತ್ರ ಇವತ್ತಿಗೂ ಅವರ ಮನೆಯ ದೇವರ ಕೋಣೆಯ ಬಾಗಿಲ ಮೇಲಿದೆ.

ಆದ್ದರಿಂದ ಗುರುವಾರದ ಆ ಜಗಳದಲ್ಲಿ ಗೆದ್ದದ್ದು ನಾನೇ. ಬೇರೆಯವರಿಂದ ಬರೆಸಿದರೆ, ಇಲ್ಲವೆ ಕಂಪ್ಯೂಟರಿನಲ್ಲಿ ಹೊಡೆಸಿದರೆ, ದಾನಪ್ಪ ಯಾಕೆ ಬರೆಯಲಿಲ್ಲ ಎಂದು ನಾಲ್ಕು ಜನ ಕೇಳುತ್ತಾರೆ. ಸತ್ಯಮೂರ್ತಿಯವರು ಕರ್ಚೀಫಿನಿಂದ ತೋಳು ಉಜ್ಜಿ ಉಜ್ಜಿ ಕಲೆಯನ್ನು ಇನ್ನೂ ಅಗಲ ಮಾಡಿಕೊಂಡು, "ನಿಮ್ಮಿಷ್ಟ. ನಾನು ಓದುವವನು ಮಾತ್ರ," ಎಂದು ಎದ್ದುಹೋದರು.

ಶುಕ್ರವಾರ ಸಂಜೆ ಪತ್ರವನ್ನು ಶೀತಲಳಿಗೆ ಓದಿ ಹೇಳಿದೆ. ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಮಾತಾಡಿದರೆ ಅರ್ಧ ಹಿಂದಿ. ನಮ್ಮ ಚಾಳಿನ ಮೆಟ್ಟಿಲ ಮೇಲೆ ಕೂತು, ಸೊಟ್ಟಗಾದ ಎರಡು ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಉಸಿರು ಬಿಡದೆ ಕೇಳಿದಳು.

"ಮಾಮಾ, ಏಕ್ ಗಲತಿ ಅದ."

"ನನ್ನ ಅಕ್ಷರದಾಗ ಗಲತಿ ಹುಡಕ್ತಿಯೇನಬೇ?"

"ಅಕ್ಷರ್ ನಹೀ. ಬೀಗ ಒಂದ ಅಲ್ಲ. ದೋ ಥೇ. ಮ್ಯಾಲ ಒಂದು, ಕೆಳಗ ಒಂದು. ಮ್ಯಾಲಿಂದು ಜಲ್ದಿ ಟೂಟಾ. ಕೆಳಗಿಂದು ಗಟಾರದಾಗ ಕುಂತು ಹೊಡದೆ. ಬೆರಳು ಹೋಗಿದ್ದು ಅದರಾಗ."

ಹತ್ತು ಜನರಿಗೆ ಹೇಳಿ ಹತ್ತು ಜನರೂ ನಂಬದ ಮಾತನ್ನು ಹೇಳುವವರ ದನಿ ಅದು. ನಾನು ಆಗಲೇ ಪೆನ್ಸಿಲ್ ತೆಗೆದು ಗುರುತು ಮಾಡಿಕೊಂಡು, ಒಳಗೆ ಹೋಗಿ ಹೊಸ ಹಾಳೆಯಲ್ಲಿ ಮೊದಲಿನಿಂದ ಬರೆದೆ. 'ಹೊರಗಿನಿಂದ ಹಾಕಿದ್ದ ಎರಡು ಬೀಗಗಳನ್ನು ಒಡೆದು' ಎಂದು. ಅವಳು ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಂಡಳು.

"ಸಂಡೇ ಶೇಟ್ ಸ್ಟೇಜ್ ಮ್ಯಾಲ ಇರ್ತಾರ ನಾ?"

"ಇರ್ತಾರ. ಶಾಲು ಹೊಚ್ಚೋರೇ ಅವರು."

"ಅಚ್ಛಾ ಹೈ. ಸಬ್ ಕೆ ಸಾಮನೇ ಕೇಳ್ಲಿ. ತಾಲಾ ಫಿರ್ ಹಾಕ್ಯಾರ ಮಾಮಾ."

"ಏನಂದಿ?"

"ಹೊಸ ಬಾಗಿಲ ಕೂಡ್ಸಿ ಮತ್ತ ಎರಡು ಬೀಗ. ಅವ್ವ ಅಲ್ಲೇ ಕುಂಡ್ರತಾಳ. ಅದಕ್ಕಽ ಹೇಳಿದೆ, ಎರಡು ಅಂತ ಬರೀರಿ."

ಆಗ ನನಗೆ ತಿಳಿಯಿತು. ಆ ಹುಡುಗಿಗೆ ಶಾಲು ಬೇಕಿರಲಿಲ್ಲ, ಫೋಟೊ ಬೇಕಿರಲಿಲ್ಲ. ಮುನ್ನೂರು ಜನರ ಮುಂದೆ ಆ ಬೀಗದ ಹೆಸರು ಬಂದರೆ ಶೇಟರು ಮಾರನೆಯ ದಿನ ಅದನ್ನು ತೆಗೆಯಲೇಬೇಕಾಗುತ್ತದೆ ಎಂದು ಅವಳು ಲೆಕ್ಕ ಹಾಕಿದ್ದಳು. ನನಗೂ ಅದು ಸರಿ ಎನಿಸಿತು.

ಶನಿವಾರ ಮಧ್ಯಾಹ್ನ ರುದ್ರವ್ವ ಬಂದಳು. ಗಾಳಾದಿಂದ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ನಾನು ಚೌಕಟ್ಟಿಗೆ ಗಾಜು ಒರೆಸುತ್ತಿದ್ದೆ.

"ಅಣ್ಣಾ, ಬೀಗದ ಮಾತು ತಗದ ಬಿಡ್ರಿ."

"ನಿನ್ನ ಕಳಿಸಿದವರು ಯಾರು? ಆ ಮೂರ್ತಿನೊ, ಶೇಟನೊ?"

"ಯಾರೂ ಕಳಿಸಿಲ್ಲ. ಕಿವಿ ಇಲ್ಲೇನು ನನಗ? ಗುರುವಾರ ನೀವು ಒದರಿದ್ದು ಕುರ್ಲಾ ಸ್ಟೇಷನ್ ತನಾ ಕೇಳೇತಿ."

"ನಿನ್ನ ಮಗಳು ನಿನ್ನ ಜೀವ ಉಳಿಸ್ಯಾಳ. ಅದನ್ನ ಬರದ್ರ ನಿನಗಽ ನೋವೇನು?"

"ಉಳಿಸ್ಯಾಳ. ಉಳದ ಜೀವಕ್ಕ ಊಟ ಹಾಕೋರು ಯಾರು, ನೀವೇನು?" ಎಂದಳು. "ನಲವತ್ತಾರು ಆತು ನನಗ. ಕಣ್ಣು ಮೊದಲಿನಂಗ ಕಾಣೂದಿಲ್ಲ. ಇಲ್ಲಿ ಬಿಟ್ರ ಇನ್ನೊಂದು ಗಾಳಾದಾಗ ಯಾರೂ ತಗೊಳ್ಳೂದಿಲ್ಲ. ಹುಡುಗಿ ಕಾಲೇಜಿಗೆ ಹೋಗಬೇಕು. ಆಕಿಗೆ ಶಿಟ್ಟು, ನಿಮಗೂ ಶಿಟ್ಟು. ಮಾಮಾ ಸೊಸಿ ಇಬ್ಬರೂ ಒಂದಽ ತೂಕ. ಸೋಮವಾರ ಮಷೀನ ಮ್ಯಾಲ ಕುಂಡ್ರಾಕಿ ನಾನು."

"ಆ ಬಾಗಿಲಕ್ಕ ಮತ್ತ ಬೀಗ ಐತೆಲ್ಲ, ರುದ್ರವ್ವ."

"ಐತಿ. ನನಗ ಗೊತ್ತಿಲ್ಲೇನು? ದಿನಾ ಅದರ ಮುಂದಽ ಕುಂಡ್ರತೀನಿ."

ಅವಳು ಅಳಲಿಲ್ಲ, ಕೈ ಮುಗಿಯಲಿಲ್ಲ. ಅತ್ತಿದ್ದರೆ ನಾನು ಬೈದು ಕಳಿಸುತ್ತಿದ್ದೆ. ಸುಮ್ಮನೆ ನಿಂತುಕೊಂಡಳು, ಅಂಗಡಿಯಲ್ಲಿ ಚಿಲ್ಲರೆಗೆ ಕಾಯುವವರ ಹಾಗೆ. ಐದು ನಿಮಿಷದ ಮೇಲೆ ನಾನು "ಹೋಗು, ನೋಡ್ತೀನಿ" ಎಂದೆ. ಹೋದಳು.

ಸತ್ಯಮೂರ್ತಿಗೆ ಬಗ್ಗದವನು, ಶೇಟನಿಗೆ ಬಗ್ಗದವನು, ಅವಳಿಗೆ ಬಗ್ಗಿದೆ. ಮೂರನೆಯ ಹಾಳೆ ತೆಗೆದು ಮೂರ್ತಿಯವರ ಆ ದರಿದ್ರ 'ಅಗ್ನಿಜ್ವಾಲೆ'ಯನ್ನೇ ಬರೆದೆ. ವೀರಬಾಲೆ ಎಂದು ಬರೆಯುವಾಗ ಅಕ್ಷರ ಸೊಟ್ಟಗಾಯಿತು. ತಿದ್ದಲಿಲ್ಲ. ಎರಡು ಬೀಗದ ಪತ್ರವನ್ನು ಹರಿಯಲು ಮನಸ್ಸಾಗಲಿಲ್ಲ. ಚೌಕಟ್ಟಿನಲ್ಲಿ ಹೊಸದರ ಬೆನ್ನಿಗೆ ಅದನ್ನಿಟ್ಟು, ಹಿಂದೆ ಹಲಗೆ ಬಡಿದು ಮೊಳೆ ಹೊಡೆದೆ. ಖರೇದು ಒಳಗೇ ಇದೆ, ಎಂದಾದರೂ ಚೌಕಟ್ಟು ಬಿಚ್ಚಿದಾಗ ಅವಳಿಗೇ ಸಿಗುತ್ತದೆ ಎಂದುಕೊಂಡೆ. ಬಹಳ ಜಾಣತನ ಮಾಡಿದೆನೆಂದು ಆ ಹೊತ್ತಿಗೆ ಅನಿಸಿತ್ತು. ಶೀತಲಳಿಗೆ ಹೇಳಬೇಕಿತ್ತು. ನಾಳೆ ಮುಂಜಾನೆ ಹೇಳಿದರಾಯಿತು ಎಂದು ಬಿಟ್ಟೆ. ಮುಂಜಾನೆ ಹಾಲ್‌ಗೆ ಕುರ್ಚಿ ಬಂದಿರಲಿಲ್ಲ. ಟೆಂಪೊದವನ ಜೊತೆ ಜಗಳಾಡುವುದರಲ್ಲೇ ಹತ್ತು ಗಂಟೆಯಾಯಿತು.

ಕಾರ್ಯಕ್ರಮ ಎಂದಿನಂತೆ ಒಂದೂವರೆ ತಾಸು ತಡವಾಗಿ ಶುರುವಾಯಿತು. ಮಕ್ಕಳ ಸನ್ಮಾನ ಎಂದು ಕರೆದು ಮೊದಲು ಹಿರಿಯರಿಗೆಲ್ಲ ಶಾಲು ಹೊದಿಸಿದರು. ಹದಿನಾಲ್ಕು ಶಾಲು ಎಣಿಸಿದೆ, ಆಮೇಲೆ ಬೇಸತ್ತು ಬಿಟ್ಟೆ. ಒಬ್ಬರು ಮುಂಬಯಿಯಲ್ಲಿ ಕನ್ನಡದ ಭವಿಷ್ಯದ ಬಗ್ಗೆ ನಲವತ್ತು ನಿಮಿಷ ಮಾತಾಡಿದರು. ಆ ಭವಿಷ್ಯ ಮೊದಲ ಸಾಲಿನಲ್ಲಿ ಹಸಿದುಕೊಂಡು ಕೂತು ಮೊಬೈಲ್ ನೋಡುತ್ತಿತ್ತು. ಧಾತ್ರಿ ಬಂದು ತೊಂಬತ್ತೇಳಕ್ಕೆ ನಮಸ್ಕಾರ ಮಾಡಿ ಹೋದಳು. ಅಮೋಲ್ ಬಂದ, ಅವನ ಹನ್ನೊಂದು ಫೋಟೊ ಪರದೆಯ ಮೇಲೆ ತೋರಿಸಿದರು.

ಆಮೇಲೆ ಶೀತಲ. ತಾಯಿಯನ್ನೂ ಜೊತೆಗೆ ಕರೆದರು. ಹುಡುಗಿ ಇಸ್ತ್ರಿ ಮಾಡಿದ ಬಿಳಿ ಚೂಡಿದಾರದಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಂತಳು. ಸತ್ಯಮೂರ್ತಿಯವರು ಚೌಕಟ್ಟು ಎತ್ತಿ ಹಿಡಿದು ಓದಿದರು. ಅವರ ದನಿ ಚೆನ್ನಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಅಗ್ನಿಜ್ವಾಲೆ ಬಂತು. ವೀರಬಾಲೆ ಬಂತು. ನಾಡಿನ ಕೀರ್ತಿ ಬಂತು. ಅವಳು ಒಂದೊಂದೇ ಸಾಲಿಗೆ ಕಿವಿಗೊಟ್ಟು ಕಾಯುತ್ತಿದ್ದಳು. 'ಇಂತಿ' ಎಂದು ಅವರು ಓದು ಮುಗಿಸಿದಾಗಲೂ ಇನ್ನೂ ಇದೆಯೇನೊ ಎಂಬಂತೆ ಅವರ ಬಾಯನ್ನೇ ನೋಡುತ್ತಿದ್ದಳು. ಆಮೇಲೆ ಸಭೆಯಲ್ಲಿ ನನ್ನನ್ನು ಹುಡುಕಿದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ತಲೆ ತಗ್ಗಿಸಿದೆ.

ಶಶಿಕಾಂತ ಶೇಟರು ನಗುತ್ತ ಶಾಲು ಬಿಡಿಸಿದರು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಶಾಲು ಬ್ಯಾಡ್ರಿ, ಶೇಟ್. ಹಿಂದಿನ ಬಾಗಿಲದ ಚಾವಿ ಕೊಡ್ರಿ."

ಮೈಕು ಹತ್ತಿರವೇ ಇತ್ತು, ಎಲ್ಲರಿಗೂ ಕೇಳಿಸಿತು. ಮೊದಲ ಸಾಲಿನಲ್ಲಿ ಒಂದಿಬ್ಬರು ತಮಾಷೆಯೆಂದು ನಕ್ಕರು. ಶೇಟರೂ ನಗು ಬಿಡಲಿಲ್ಲ.

"ಅರೆ, ಚಾವಿ ಆಫೀಸ್‌ನ್ಯಾಗ ಅದ ಬೇಟಾ. ಆಮ್ಯಾಲ ಮಾತಾಡೋಣ."

"ಅವತ್ತೂ ಆಫೀಸ್‌ನ್ಯಾಗ ಇತ್ತು."

ರುದ್ರವ್ವ ಮಗಳ ತೋಳು ಹಿಡಿದು, "ಸುಮ್ನಿರ, ಶೀತಲಾ," ಎಂದಳು. ಅದೂ ಮೈಕಿನಲ್ಲಿ ಬಂತು.

"ದೋನೋ ಚಾವಿ, ಶೇಟ್," ಎಂದಳು ಹುಡುಗಿ. "ಮ್ಯಾಲಿಂದು, ಕೆಳಗಿಂದು."

ಈಗ ಯಾರೂ ನಗಲಿಲ್ಲ. ಸಂಘದಲ್ಲಿ ಅರ್ಧ ಜನಕ್ಕೆ ಆ ಬೀಗದ ಸಂಗತಿ ಗೊತ್ತಿತ್ತು. ಎಲ್ಲರೂ ತಮ್ಮ ತಮ್ಮ ಕಾರ್ಯಕ್ರಮ ಪತ್ರಿಕೆಯಲ್ಲಿ ಮುಂದೇನಿದೆ ಎಂದು ನೋಡಿಕೊಳ್ಳತೊಡಗಿದರು. ಯಾರಾದರೂ ಒಬ್ಬರು ಎದ್ದು ಹೌದು, ಕೊಡ್ರಿ ಎನ್ನಬಹುದಿತ್ತು. ನಾನು ಎನ್ನಬಹುದಿತ್ತು. ಜೀವಮಾನವಿಡೀ ಬೇಡದ ಜಾಗದಲ್ಲೆಲ್ಲ ಒದರಿದ ಬಾಯಿ ಆಗ ಬಿಚ್ಚಲಿಲ್ಲ.

ಸತ್ಯಮೂರ್ತಿಯವರು ಮೈಕು ತಮ್ಮತ್ತ ಎಳೆದುಕೊಂಡರು. "ಮಗು ಭಾವುಕಳಾಗಿದ್ದಾಳೆ. ಸಹಜ. ಜೋರಾದ ಚಪ್ಪಾಳೆ ಬರಲಿ."

ಚಪ್ಪಾಳೆ ಬಂತು. ಅದರ ನಡುವೆಯೇ ಅವಳು ತಾಯಿಯ ಕೈ ಬಿಡಿಸಿಕೊಂಡು ಮೆಟ್ಟಿಲಿಳಿದು, ಕುರ್ಚಿಗಳ ನಡುವಿನ ದಾರಿಯಲ್ಲಿ ನೇರವಾಗಿ ಬಾಗಿಲಿಗೆ ಬಂದಳು. ನಾನು ಅಡ್ಡ ನಿಂತೆ.

"ಶೀತಲಾ, ಇಲ್ಲೆ ಕೇಳು. ಖರೇ ಪತ್ರ ಹರದಿಲ್ಲ ನಾನು. ಅದಽ ಫ್ರೇಮಿನಾಗ ಹಿಂದ ಐತಿ. ಹಲಗಿ ತಗದ್ರ..."

"ಹಿಂದ ಯಾಕಿಟ್ರಿ?"

"ನಿಮ್ಮವ್ವ ಬಂದಿದ್ಳು. ಆಕಿ ಕೆಲಸ..."

"ಗೊತ್ತದ. ನನಗೂ ರೋಜ್ ಹೇಳ್ತಾಳ." ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಇದ್ದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. "ಹಿಂದ ಇಟ್ರ ಕಿಸಕೋ ದಿಖತಾ ಹೈ, ಮಾಮಾ? ಯಾರಿಗೆ ಕಾಣ್ತದ?"

ನನ್ನ ಮಗ್ಗುಲಿನಿಂದ ಹಾಯ್ದು, ಬಾಗಿಲ ಹೊರಗೆ ರಾಶಿ ಬಿದ್ದಿದ್ದ ಚಪ್ಪಲಿಗಳಲ್ಲಿ ತನ್ನವನ್ನು ಹುಡುಕಿ ಮೆಟ್ಟಿಕೊಂಡಳು. ಸೊಟ್ಟ ಬೆರಳಿನಿಂದ ಪಟ್ಟಿ ಏರಿಸಲು ಎರಡು ಸಲ ಬಗ್ಗಬೇಕಾಯಿತು. ಹೊರಗೆ ಜಿಟಿಜಿಟಿ ಮಳೆ. ಅವಳು ಸ್ಟೇಷನ್ ರಸ್ತೆಗೆ ಇಳಿದಳು, ಚಾಳಿನ ಕಡೆಗೆ ತಿರುಗಲಿಲ್ಲ. ಗಾಳಾ, ಆ ಭಂಗಾರ್ ಅಂಗಡಿ ಇರುವ ಬದಿಗೆ ಹೋದಳು. ಒಂದು ರಿಕ್ಷಾ ಅಡ್ಡ ಬಂತು, ಅದು ಸರಿಯುವಷ್ಟರಲ್ಲಿ ಕಾಣದಾದಳು.

ಒಳಗೆ ಕಾರ್ಯಕ್ರಮ ನಡೆದೇ ಇತ್ತು. "ವಿದ್ಯಾರ್ಥಿನಿಯ ಪರವಾಗಿ ಅವರ ತಾಯಿಯವರು ಸ್ವೀಕರಿಸಬೇಕು," ಎಂದರು ಸತ್ಯಮೂರ್ತಿಯವರು. ಶೇಟರು ಆ ಶಾಲನ್ನು ರುದ್ರವ್ವನ ಹೆಗಲಿಗೆ ಹೊದಿಸಿ, ನನ್ನ ಚೌಕಟ್ಟನ್ನು ಅವಳ ಕೈಗಿತ್ತರು. ಅವಳು ಅದನ್ನು ತಲೆಕೆಳಗಾಗಿ ಹಿಡಿದಿದ್ದಳು. ಯಾರೂ ತಿದ್ದಲಿಲ್ಲ.

ಕೊನೆಗೆ ಮೂವರು ಮಕ್ಕಳ ಸಾಮೂಹಿಕ ಫೋಟೊ. "ಕುಮಾರಿ ಶೀತಲ ಎಲ್ಲಿದ್ದರೂ ವೇದಿಕೆಗೆ ಬರಬೇಕು," ಎಂದು ಮೈಕಿನಲ್ಲಿ ಕರೆದರು. ಎಲ್ಲರೂ ಬಾಗಿಲ ಕಡೆ ನೋಡಿದರು. ಅಲ್ಲಿ ನಾನೊಬ್ಬನೇ ಇದ್ದೆ. ಎರಡನೆಯ ಸಲ ಕರೆದರು. ಫೋಟೊಗ್ರಾಫರ್ ಗಡಿಯಾರ ನೋಡಿಕೊಂಡ, ಅವನಿಗೆ ಘಾಟ್ಕೋಪರಿನಲ್ಲಿ ಮದುವೆ ಇತ್ತಂತೆ. ಮೂರನೆಯ ಸಲ ಕರೆದ ಮೇಲೆ ಸತ್ಯಮೂರ್ತಿಯವರು ನಡುವಿನ ಕುರ್ಚಿಯನ್ನು ತಾವೇ ಎತ್ತಿ ಹಿಂದಿಟ್ಟು, ಧಾತ್ರಿಗೆ ಸ್ವಲ್ಪ ಈಚೆ, ಅಮೋಲನ ಮಗ್ಗುಲಿಗೆ ಸರಿದು ನಿಲ್ಲಲು ಹೇಳಿದರು.